ಸಹಾಯ ಬೇಕು: ಮಲೆನಾಡಿನ ಮನೆಗೆ ಯಾವ ಗೊಬ್ಬರದ ಶೌಚಾಲಯ?

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರದ ಕಡೆ ಅಡಿಕೆ ತೋಟದ ಮನೆ. ಆಷಾಢದಲ್ಲಿ ಬಾವಿಯ ನೀರು ಬಗ್ಗಿ ಕೊಡಪಾನ ಮುಳುಗಿಸುವಷ್ಟು ಮೇಲೆ ಬರುತ್ತದೆ. ಶೌಚಾಲಯಕ್ಕೆ ಈಗಿರುವ ಇಂಗುಗುಂಡಿಯೂ ಅದರ ಜೊತೆಗೇ ತುಂಬುತ್ತದೆ. ಮೇಸ್ತ್ರಿ ಜೋಡಿ ಗುಂಡಿ (ಸರದಿಯಂತೆ ಬಳಸುವ, ನೀರು ಮಣ್ಣಿಗೆ ಇಂಗುವ ಎರಡು ಗುಂಡಿ) ಮಾಡಿಸಿ ಎನ್ನುತ್ತಾರೆ. ಬಾವಿಯ ನೀರು ಕೆಡದಿರಲು ಗುಂಡಿಯ ತಳದಿಂದ ಅಂತರ್ಜಲ ಕನಿಷ್ಠ 2 ಮೀಟರ್ ಕೆಳಗಿರಬೇಕಲ್ಲ, ಇಲ್ಲಿ ಅದೆಲ್ಲಿ ಸಾಧ್ಯ? ತಳಕ್ಕೆ ಕಾಂಕ್ರೀಟ್ ಹಾಕಿ ಎಂದವರೂ ಇದ್ದಾರೆ. ಆಗ ನೀರು ಇಂಗುವುದಾದರೂ ಎಲ್ಲಿಗೆ?

ಹಾಗಾಗಿ ನೆಲದ ಮೇಲೆಯೇ ಮಲ ಬೀಳುವ ಎರಡು ಕೋಣೆ ಕಟ್ಟಿ, ಮೂತ್ರ ಬೇರ್ಪಡಿಸುವ ಇಕೋಸ್ಯಾನ್ ಮಾದರಿಗೆ ಮನಸ್ಸು ಮಾಡಿದ್ದೇವೆ. ಒಂದು ತುಂಬಿದರೆ ಗೊಬ್ಬರವಾಗಲು ಮುಚ್ಚಿಟ್ಟು ಇನ್ನೊಂದನ್ನು ಬಳಸುವುದು. ಪ್ರತಿ ಸಲ ಮಲದ ಮೇಲೆ ಉದುರಿಸಲು ಬಚ್ಚಲ ಒಲೆಯ ಬೂದಿಗೆ ಬರವಿಲ್ಲ. ಆದರೆ ಅಮ್ಮನಿಗೆ ಮೊಣಕಾಲು ನೋವು. ಮೆಟ್ಟಿಲು ಹತ್ತಿ, ಕುಕ್ಕರುಗಾಲಲ್ಲಿ ಕುಳಿತು, ಕೋಣೆಗೆ ನೀರು ಬೀಳದಂತೆ ತೊಳೆದುಕೊಳ್ಳಲು ಪಕ್ಕಕ್ಕೆ ಸರಿಯಬೇಕು ಎಂದರೆ ಮುಖ ಸಿಂಡರಿಸುತ್ತಾರೆ. ಪೇಟೆಯ ಅಂಗಡಿಯಲ್ಲಿ ವಿಚಾರಿಸಿದರೆ ಮಾಮೂಲಿ ಕಮೋಡ್ ತೋರಿಸಿ ಕಳುಹಿಸಿದರು.

ಮಲೆನಾಡು, ಕರಾವಳಿಯಲ್ಲಿ ಇದನ್ನು ಬಳಸುತ್ತಿರುವವರು ದಯವಿಟ್ಟು ತಿಳಿಸಿ: ಜಡಿಮಳೆಯ ತಿಂಗಳುಗಳಲ್ಲಿ ಬೂದಿಯೊಂದರಿಂದಲೇ ಕೋಣೆಯೊಳಗಿನ ತೇವ ಆರುತ್ತದೆಯೇ? ಮೂತ್ರವನ್ನೂ ತೊಳೆದ ನೀರನ್ನೂ ಬೇರೆ ಮಾಡುವ, ಕುರ್ಚಿಯಂತೆ ಕೂರುವ ಕಮೋಡ್ ಎಲ್ಲಿ ಸಿಗುತ್ತದೆ?