ಲೈಟ್ ಆರಿಸಿದರೂ ಬಿಲ್ ಇಳಿಯುತ್ತಿಲ್ಲ, ಕರೆಂಟ್ ಎಲ್ಲಿ ಹೋಗುತ್ತಿದೆ?

ಪ್ರಶ್ನೆ: ನಮಸ್ಕಾರ. ಮನೆಯಲ್ಲಿ ನಾವು ನಾಲ್ಕು ಜನ. ಹಳೇ ಬಲ್ಬುಗಳನ್ನೆಲ್ಲ ತೆಗೆದು ಎಲ್‌ಇಡಿ ಹಾಕಿಸಿ ಒಂದು ವರ್ಷವಾಯಿತು. ರೂಮಿನಿಂದ ಹೊರಗೆ ಬಂದರೆ ಲೈಟ್ ಆರಿಸುತ್ತೇವೆ. ಫೋನ್ ಚಾರ್ಜ್ ಆದ ಕೂಡಲೇ ಚಾರ್ಜರ್ ಕಿತ್ತಿಡುತ್ತೇನೆ, ಮಕ್ಕಳು ಮರೆತರೆ ಬೈಯುತ್ತೇನೆ. ಇಷ್ಟೆಲ್ಲ ಮಾಡಿದರೂ ಬಿಲ್ ಇದ್ದಲ್ಲೇ ಇದೆ. ಎಲ್ಲಿ ತಪ್ಪುತ್ತಿದ್ದೇವೆ? ಗುಂಪಿನಲ್ಲಿ ಮನೆಗಳ ವಿದ್ಯುತ್ ಬಳಕೆ ಪರೀಕ್ಷೆ ಮಾಡುವ ಎನರ್ಜಿ ಆಡಿಟರ್ ಇದ್ದಾರಲ್ಲ, ದಯವಿಟ್ಟು ಹೇಳಿ.

ಆಡಿಟರ್: ನೀವು ಮಾಡಿದ್ದು ಯಾವುದೂ ತಪ್ಪಲ್ಲ. ಆದರೆ ಮೊದಲು ಮಕ್ಕಳಿಗೆ ಬೈಯುವುದನ್ನು ನಿಲ್ಲಿಸಿ. ಫೋನ್ ಸಿಕ್ಕಿಸದೆ ಸುಮ್ನೆ ಪ್ಲಗ್‌ನಲ್ಲಿರುವ ಈಗಿನ ಚಾರ್ಜರ್ ಎಳೆಯುವುದು ಸುಮಾರು 0.1 ವ್ಯಾಟ್. ವರ್ಷಪೂರ್ತಿ ಹಾಗೇ ಬಿಟ್ಟರೂ ಒಂದು ಯುನಿಟ್ ಆಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಎಲ್ಲರ ಸಿಟ್ಟೂ ಆ ಪುಟ್ಟ ಚಾರ್ಜರ್ ಮೇಲೆ, ಕರೆಂಟ್ ನುಂಗುವುದು ಮಾತ್ರ ಬೇರೆ ಯಾವುದೋ.

ಲೆಕ್ಕ ಸುಲಭ. 1000 ವ್ಯಾಟಿನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯುನಿಟ್. ಅಂದರೆ ಎಷ್ಟು ವ್ಯಾಟ್, ಎಷ್ಟು ಹೊತ್ತು, ಇವೆರಡನ್ನೇ ನೋಡಬೇಕು. ಬೆಳಕು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದರ ಮೇಲೇ ನಮ್ಮ ಗಮನ. ಬಿಸಿ ಕಾಣುವುದಿಲ್ಲ. 20 ಲೀಟರ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು ಹತ್ತಿರ ಹತ್ತಿರ ಅರ್ಧ ಯುನಿಟ್ ಬೇಕು. ಅಷ್ಟೇ ಕರೆಂಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬ್ 50 ಗಂಟೆ ಉರಿಯುತ್ತದೆ! ನಾಲ್ಕು ಜನ ದಿನಕ್ಕೆ ತಲಾ 20 ಲೀಟರ್ ಬಿಸಿನೀರು ಬಳಸಿದರೆ ತಿಂಗಳಿಗೆ ಸುಮಾರು 55 ಯುನಿಟ್, ಬರೀ ಸ್ನಾನಕ್ಕೆ.

ನಿಮ್ಮಲ್ಲಿ ನೀರು ಕಾಯಿಸುವುದು ಹೇಗೆ? ಗೀಸರ್ ಎಷ್ಟು ಹೊತ್ತು ಆನ್ ಇರುತ್ತದೆ?

ಪ್ರಶ್ನೆ ಕೇಳಿದವರು: ಕರೆಂಟ್ ಗೀಸರ್, 25 ಲೀಟರಿನದ್ದು. ಬೆಳಗ್ಗೆ ಐದಕ್ಕೆ ಹಾಕಿದರೆ ಎಲ್ಲರ ಸ್ನಾನ ಮುಗಿಯುವ ತನಕ ಆನ್. ಕೆಲವು ದಿನ ಆರಿಸುವುದು ಮರೆತೇ ಹೋಗುತ್ತದೆ. ನೀರು ಬಿಸಿಯಾದ ಮೇಲೆ ಅದೇ ಕಟ್ ಆಗುತ್ತದಲ್ವಾ?

ಆಡಿಟರ್: ಕಟ್ ಆಗುತ್ತದೆ, ಸ್ವಲ್ಪ ತಣ್ಣಗಾದರೆ ಮತ್ತೆ ಹತ್ತಿಕೊಳ್ಳುತ್ತದೆ. ನೀರು ಎಷ್ಟು ಬಿಸಿ ಇರುತ್ತದೋ ಅಷ್ಟು ಬೇಗ ಶಾಖ ಸೋರುತ್ತದೆ. ಬೆಳಗ್ಗೆ ಬಿಟ್ಟು ರಾತ್ರಿ ತನಕ ಇದೇ ಆಟ. ಆದ್ದರಿಂದ ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ, ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ, ಆರಿಸಿ. ಮರೆಯುವ ಮನೆಗೆ ಟೈಮರ್ ಸ್ವಿಚ್ ಒಳ್ಳೆಯದು. ಅದು ಗೀಸರಿನ ಲೋಡ್ ತಡೆಯುವಂಥದ್ದೇ ಆಗಿರಬೇಕು, ಸಣ್ಣದು ಹಾಕಿದರೆ ಸುಟ್ಟುಹೋಗುತ್ತದೆ.

ನೀರು ಎಷ್ಟು ಬಿಸಿಯಾದಾಗ ಕಟ್ ಆಗಬೇಕೆಂದು ಹೇಳುವ ಥರ್ಮೋಸ್ಟಾಟ್ 70, 75 ಡಿಗ್ರಿಯಲ್ಲಿ ಇದ್ದರೆ 60ಕ್ಕೆ ಇಳಿಸಿ. ಅದಕ್ಕಿಂತ ತೀರಾ ಕೆಳಗೆ ಮಾತ್ರ ಬೇಡ. ನೀರು ದಿನಗಟ್ಟಲೆ ಉಗುರು ಬೆಚ್ಚಗೆ ಟ್ಯಾಂಕಿನಲ್ಲಿ ನಿಂತರೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಇನ್ನೊಂದು: ಬಿಸಿನೀರಿನ ನಲ್ಲಿ ತೊಟ್ಟಿಕ್ಕುತ್ತಿದೆಯಾ ನೋಡಿ. ಅಲ್ಲಿ ಸೋರುವುದು ನೀರು ಮಾತ್ರ ಅಲ್ಲ, ದುಡ್ಡು ಕೊಟ್ಟು ಕಾಯಿಸಿದ ನೀರು.

ಇನ್ನೊಬ್ಬ ಸದಸ್ಯರು: ಸರ್, ನಮ್ಮದು ಎಸಿ ಸಮಸ್ಯೆ. ಹೊರಗಿನಿಂದ ಬಂದ ಕೂಡಲೇ 16ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಅಂತ ಮನೆಯವರ ವಾದ. ನಿಜವಾ?

ಆಡಿಟರ್: ಹಳೇ ಮಾದರಿಯ ಎಸಿಯಲ್ಲಿ ಖಂಡಿತ ಇಲ್ಲ. ಅದರ ಕಂಪ್ರೆಸರಿಗೆ ಗೊತ್ತಿರುವುದು ಎರಡೇ, ಪೂರ್ತಿ ಓಡುವುದು ಅಥವಾ ನಿಲ್ಲುವುದು. 16ಕ್ಕೆ ಇಟ್ಟರೂ 25ಕ್ಕೆ ಇಟ್ಟರೂ ಗಾಳಿ ತಣ್ಣಗಾಗುವ ವೇಗ ಒಂದೇ. 25ರಲ್ಲಿ ಬೇಗ ನಿಲ್ಲುತ್ತದೆ, 16ರಲ್ಲಿ ನಿಲ್ಲುವುದೇ ಇಲ್ಲ. ಕಂಪ್ರೆಸರಿನ ವೇಗ ಹೆಚ್ಚುಕಮ್ಮಿ ಮಾಡಿಕೊಳ್ಳುವ ಇನ್ವರ್ಟರ್ ಎಸಿ ಶುರುವಿನಲ್ಲಿ ಸ್ವಲ್ಪ ಜೋರು ಓಡಬಹುದು. ಆದರೆ ನೀವು 16ರಲ್ಲೇ ಮರೆತು ಮಲಗಿದರೆ ಅದರ ಲಾಭವೆಲ್ಲ ಹೋಯಿತು.

ಒಂದು ಡಿಗ್ರಿ ಏರಿಸಿದರೆ ಎಸಿ ಎಳೆಯುವ ಕರೆಂಟಿನಲ್ಲಿ ಸುಮಾರು ಶೇ. 6 ಉಳಿಯುತ್ತದೆ ಎಂಬುದು ನಾವು ಕೆಲಸದಲ್ಲಿ ಹಿಡಿಯುವ ಲೆಕ್ಕ. 25ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ ನೋಡಿ. ಫ್ಯಾನ್ ಎಳೆಯುವುದು ಸುಮಾರು 75 ವ್ಯಾಟ್, ಎಸಿಯದ್ದು ಸಾವಿರದ ಮಾತು. ನೆನಪಿಡಿ, ಫ್ಯಾನ್ ತಂಪು ಮಾಡುವುದು ಮೈಯನ್ನು, ರೂಮನ್ನಲ್ಲ. ಯಾರೂ ಇಲ್ಲದ ರೂಮಿನಲ್ಲಿ ಅದು ತಿರುಗಿ ಪ್ರಯೋಜನವಿಲ್ಲ. ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ದಾಟದಿದ್ದರೆ ಗಾಳಿಯೂ ದಾಟುತ್ತಿಲ್ಲ. ನಲ್ಲಿ ಕೆಳಗೆ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಮತ್ತೊಬ್ಬರು: ಫ್ಯಾನ್ ಅಂದಿರಿ. ಬಿಎಲ್‌ಡಿಸಿ ಅನ್ನುವ ಕಮ್ಮಿ ಕರೆಂಟಿನ ಫ್ಯಾನ್ ಹಾಕಿಸಿದರೆ ಲಾಭ ಇದೆಯಾ?

ಆಡಿಟರ್: ದಿನಕ್ಕೆ 12 ಗಂಟೆ ಓಡುವ ಫ್ಯಾನ್ ಆದರೆ ಇದೆ. 75 ವ್ಯಾಟಿನ ಜಾಗದಲ್ಲಿ 30 ವ್ಯಾಟ್ ಅಂದರೆ ತಿಂಗಳಿಗೆ 16 ಯುನಿಟ್ ಉಳಿತಾಯ. ನೆಂಟರು ಬಂದಾಗ ಮಾತ್ರ ತಿರುಗುವ ಫ್ಯಾನಿಗೆ ಖರ್ಚು ಮಾಡಬೇಡಿ.

ಇನ್ನೊಬ್ಬ ಸದಸ್ಯೆ: ಪ್ಲಗ್‌ಗೆ ಸಿಕ್ಕಿಸಿದರೆ ಸಾಕು, ಬಿಲ್ ಅರ್ಧ ಆಗುತ್ತದೆ ಅನ್ನುವ ಪವರ್ ಸೇವರ್ ಡಬ್ಬಿ ಬರುತ್ತದಲ್ಲ, ತಗೊಳ್ಳಬಹುದಾ?

ಆಡಿಟರ್: ದಯವಿಟ್ಟು ಬೇಡ. ಅಂಥದ್ದನ್ನು ಬಿಚ್ಚಿ ನೋಡಿದ್ದೇನೆ. ಒಳಗೆ ಒಂದು ಕೆಪಾಸಿಟರ್, ಒಂದು ಪುಟ್ಟ ದೀಪ, ಅಷ್ಟೇ. ಕೆಪಾಸಿಟರ್ ಪವರ್ ಫ್ಯಾಕ್ಟರ್ ತಿದ್ದುತ್ತದೆ, ಅಂದರೆ ತಂತಿಯಲ್ಲಿ ಬರುವ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲನ್ನು. ಮನೆ ಬಿಲ್ ಹಾಕುವುದು ಯುನಿಟ್ ಲೆಕ್ಕದಲ್ಲಿ, ಪವರ್ ಫ್ಯಾಕ್ಟರ್ ತಿದ್ದಿದರೆ ಯುನಿಟ್ ಕಮ್ಮಿ ಆಗುವುದಿಲ್ಲ. ಆ ದುಡ್ಡಿಗೆ ಫ್ರಿಜ್ ಬಾಗಿಲಿನ ರಬ್ಬರ್ ಬದಲಾಯಿಸಿ.

ಫ್ರಿಜ್ ಬಗ್ಗೆ ಹೇಳಲೇಬೇಕು, 24 ಗಂಟೆಯೂ ಪ್ಲಗ್‌ನಲ್ಲಿರುವುದು ಅದೇ ತಾನೇ. ಒಂದು ಕಾಗದವನ್ನು ಬಾಗಿಲಿನ ಸಂದಿಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಇಟ್ಟು ಬಾಗಿಲು ಮುಚ್ಚಿ. ಈಗ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ರಬ್ಬರ್ ಚೆನ್ನಾಗಿದೆ. ಸಲೀಸಾಗಿ ಜಾರಿ ಬಂದರೆ ತಂಪು ಅಲ್ಲೇ ಸೋರುತ್ತಿದೆ. ನಾಲ್ಕೂ ಕಡೆ ಪರೀಕ್ಷಿಸಿ. ಒಂದು ಮನೆಯಲ್ಲಿ ಮೇಲೆ, ಪಕ್ಕದಲ್ಲಿ ಎಲ್ಲ ಬಿಗಿಯಾಗಿತ್ತು. ಕೆಳಗಿನ ಮೂಲೆಯಲ್ಲಿ ರಬ್ಬರಿನ ಮಡಿಕೆಯೊಳಗೆ ಅಂಟು ಅಂಟಾದ ಕೊಳೆ ಗಟ್ಟಿಯಾಗಿ ಕೂತಿತ್ತು. ಬೆಚ್ಚಗಿನ ಸೋಪು ನೀರು, ಹಳೇ ಹಲ್ಲುಜ್ಜುವ ಬ್ರಷ್, ಹತ್ತು ನಿಮಿಷದ ಕೆಲಸ. ಆಮೇಲೆ ಅಲ್ಲೂ ಕಾಗದ ಜಾರಲಿಲ್ಲ. ಅದೇ ಫ್ರಿಜ್ಜಿನ ಬೆನ್ನು ಗೋಡೆಗೆ ಅಂಟಿಕೊಂಡಿತ್ತು, ಬಿಸಿ ಹೊರಗೆ ಹೋಗಲು ದಾರಿ ಇರಲಿಲ್ಲ. ಅಂಗೈ ಅಗಲ ಮುಂದೆ ಎಳೆದೆವು. ಒಳಗೆ 4 ಡಿಗ್ರಿ, ಫ್ರೀಜರಿನಲ್ಲಿ ಮೈನಸ್ 18 ಸಾಕು.

ಒಬ್ಬ ಸದಸ್ಯರು: ಬಿಲ್ ವಿಷಯ ಸರಿ. ನಾನೊಬ್ಬ ತಿಂಗಳಿಗೆ 50 ಯುನಿಟ್ ಉಳಿಸಿದರೆ ಗಾಳಿ ಶುದ್ಧ ಆಗುತ್ತದೆಯೇ? ವಿದ್ಯುತ್ ಸ್ಥಾವರ ಹೇಗೂ ಓಡುತ್ತಲೇ ಇರುತ್ತದಲ್ಲ.

ಆಡಿಟರ್: ಒಳ್ಳೇ ಪ್ರಶ್ನೆ. ಕರೆಂಟನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಡುವುದು ಕಷ್ಟ. ಈ ಕ್ಷಣದಲ್ಲಿ ಊರಿಗೆ ಎಷ್ಟು ಬೇಕೋ ಹೆಚ್ಚುಕಮ್ಮಿ ಅಷ್ಟನ್ನೇ ಈ ಕ್ಷಣದಲ್ಲಿ ಉತ್ಪಾದಿಸುತ್ತಾರೆ. ಬೇಡಿಕೆ ಇಳಿದರೆ ಎಲ್ಲೋ ಒಂದು ಕಡೆ ಇಂಧನ ಉರಿಸುವುದೂ ಇಳಿಯುತ್ತದೆ. ಕಲ್ಲಿದ್ದಲು ಸ್ಥಾವರದಲ್ಲಿ ಉರಿದ ಶಾಖದಲ್ಲಿ ಕರೆಂಟ್ ಆಗುವುದು ಸುಮಾರು ಮೂರನೇ ಒಂದು ಪಾಲು. ಮಿಕ್ಕಿದ್ದು ಚಿಮಣಿಯಿಂದ, ತಂಪು ಮಾಡುವ ನೀರಿನಿಂದ ಹೊರಗೆ ಹೋಗುತ್ತದೆ. ತಂತಿಯಲ್ಲಿ ಬರುವಾಗ ಇನ್ನಷ್ಟು ನಷ್ಟ. ಹಾಗಾಗಿ ಮನೆಯಲ್ಲಿ ಉಳಿದ ಒಂದು ಯುನಿಟ್ ಅಂದರೆ ಅಲ್ಲಿ ಮೂರು ಯುನಿಟ್‌ಗಿಂತ ಜಾಸ್ತಿ ಶಾಖ ಉಳಿದ ಹಾಗೆ.

ಕಲ್ಲಿದ್ದಲಿನಿಂದ ಬಂದ ಒಂದು ಯುನಿಟ್‌ಗೆ ಹೆಚ್ಚುಕಮ್ಮಿ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ನಿಮ್ಮ 50 ಯುನಿಟ್ ತಿಂಗಳಿಗೆ 50 ಕಿಲೋ. ಜೊತೆಗೆ ಗಂಧಕದ ಹೊಗೆ, ನೈಟ್ರೋಜನ್ ಆಕ್ಸೈಡ್, ಬೂದಿ ಬೇರೆ. ಇದನ್ನು ಉಸಿರಾಡುವವರು ಸ್ಥಾವರದ ಪಕ್ಕದ ಊರಿನವರು. ಅವರನ್ನು ನಾವು ನೋಡಿರುವುದಿಲ್ಲ, ಆದರೆ ನಮ್ಮ ಸ್ವಿಚ್ಚಿಗೂ ಅವರ ಎದೆಗೂ ಸಂಬಂಧ ಇದೆ. ನಿಮ್ಮ ಕರೆಂಟ್ ನೀರಿನಿಂದಲೋ ಗಾಳಿಯಿಂದಲೋ ಬರುತ್ತಿದ್ದರೆ ಈ ಲೆಕ್ಕ ಕಮ್ಮಿಯಾಗುತ್ತದೆ.

ಮೊದಲು ಪ್ರಶ್ನೆ ಕೇಳಿದವರಿಗೆ ಒಂದು ಕೆಲಸ ಕೊಡುತ್ತೇನೆ. ನಿಮ್ಮ ಮೀಟರ್ ಮೇಲೆ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲಿ 1600 ಅಥವಾ 3200 ಅಂತ ಬರೆದಿರುತ್ತದೆ. ಅಷ್ಟು ಸಲ ಮಿನುಗಿದರೆ ಒಂದು ಯುನಿಟ್. ರಾತ್ರಿ ಮಲಗುವ ಮುಂಚೆ ಎಲ್ಲ ಆರಿಸಿ, ಹತ್ತು ನಿಮಿಷದ ಮಟ್ಟಿಗೆ ಫ್ರಿಜ್ ಪ್ಲಗ್ ಕೂಡ ತೆಗೆದು, ಎಣಿಸಿ.

ಪ್ರಶ್ನೆ ಕೇಳಿದವರು: ಎಣಿಸಿದೆವು! ಮೀಟರ್ ಮೇಲೆ 3200 ಇದೆ. ಮಗಳು ಟಾರ್ಚ್ ಹಿಡಿದಳು, ಮಗ ಫೋನಿನಲ್ಲಿ ಸಮಯ ನೋಡಿದ. 10 ನಿಮಿಷಕ್ಕೆ 48 ಸಲ. ಎಲ್ಲ ಆಫ್ ಇತ್ತು, ನಿಜವಾಗಿ.

ಆಡಿಟರ್: ಗಂಟೆಗೆ 288 ಸಲ. ಅಂದರೆ ಯಾರೂ ಏನೂ ಬಳಸದಿದ್ದರೂ 90 ವ್ಯಾಟ್ ಹಗಲು ರಾತ್ರಿ ಹೋಗುತ್ತಿದೆ. ತಿಂಗಳಿಗೆ ಸುಮಾರು 65 ಯುನಿಟ್. ಸಿಕ್ಕಿತು ನೋಡಿ! ಈಗ ಬೋರ್ಡಿನಲ್ಲಿ ಬ್ರೇಕರ್‌ಗಳನ್ನು ಒಂದೊಂದಾಗಿ ಇಳಿಸಿ, ಪ್ರತಿ ಸಲ ಎಣಿಸಿ.

ಪ್ರಶ್ನೆ ಕೇಳಿದವರು: ಹಾಲ್ ಬ್ರೇಕರ್ ಇಳಿಸಿದರೆ 48 ಇದ್ದದ್ದು 16 ಆಯಿತು. ಅಲ್ಲಿ ಸೆಟ್ ಟಾಪ್ ಬಾಕ್ಸ್, ಸ್ಪೀಕರ್ ಸೆಟ್, ಕಂಪ್ಯೂಟರಿನ ಹಳೇ ಯುಪಿಎಸ್ ಇವೆ. ಎಲ್ಲವನ್ನೂ ರಿಮೋಟಿನಲ್ಲೋ ಬಟನ್ನಿನಲ್ಲೋ ಆಫ್ ಮಾಡಿದ್ದೆವು. ಮಿಕ್ಕ 16 ಬಾತ್‌ರೂಮ್ ಲೈನಿನದ್ದು. ಅದನ್ನು ಇಳಿಸಿದರೆ ದೀಪ ಮಿನುಗುವುದೇ ನಿಂತಿತು. ಅಲ್ಲಿ ಗೀಸರ್ ಬಿಟ್ಟರೆ ಬೇರೇನೂ ಇಲ್ಲ, ಅದರ ಸ್ವಿಚ್ ಆಫ್ ಇತ್ತು.

ಆಡಿಟರ್: ಹಾಲಿನದ್ದು ಸುಲಭ. ಮೂರಕ್ಕೂ ಸೇರಿ ಸ್ವಿಚ್ ಇರುವ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ, ಮಲಗುವಾಗ ಆ ಒಂದು ಸ್ವಿಚ್ ಆರಿಸಿ. ರಿಮೋಟಿನಿಂದ ಆರಿಸಿದರೆ ಅವು ಎಚ್ಚರವಾಗಿಯೇ ಇರುತ್ತವೆ.

ಬಾತ್‌ರೂಮಿನದ್ದು ಬಿಲ್ಲಿನ ವಿಷಯ ಅಲ್ಲ, ಜೀವದ ವಿಷಯ. ಗೀಸರ್ ಸ್ವಿಚ್ ಆಫ್ ಇದ್ದೂ 30 ವ್ಯಾಟ್ ಹೋಗುತ್ತಿದೆ ಅಂದರೆ ಕರೆಂಟ್ ನೆಲಕ್ಕೆ ಸೋರುತ್ತಿರಬಹುದು. ಸ್ವಿಚ್ಚಿಗಿಂತ ಮುಂಚೆಯೇ ವೈರ್ ಸುಲಿದಿರಬಹುದು, ಇಲ್ಲವೇ ಸ್ವಿಚ್ಚನ್ನು ಕರೆಂಟ್ ತರುವ ಫೇಸ್ ತಂತಿಯ ಬದಲು ಅದು ಮರಳುವ ನ್ಯೂಟ್ರಲ್ ತಂತಿಗೆ ಕೊಟ್ಟು, ಒಳಗಿನ ಕಾಯಿಲ್ ಒಡೆದಿರಬಹುದು. ಆ ಬ್ರೇಕರ್ ಇಳಿಸಿಯೇ ಇಡಿ. ಗೀಸರ್ ಮುಟ್ಟಬೇಡಿ, ಅದರ ನೀರೂ ಬೇಡ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಸೋರಿಕೆ ಆದರೆ ತಾನೇ ಟ್ರಿಪ್ ಆಗುವ 30 ಮಿಲಿ ಆಂಪಿಯರಿನ ಬ್ರೇಕರ್ ಬೋರ್ಡಿನಲ್ಲಿ ಇದೆಯಾ ಅಂತ ಅವರನ್ನೇ ಕೇಳಿ. ಇದ್ದಿದ್ದರೆ ಇಷ್ಟು ಹೊತ್ತಿಗೆ ಅದು ಬೀಳಬೇಕಿತ್ತು.

ಪ್ರಶ್ನೆ ಕೇಳಿದವರು: ಇಳಿಸಿದ್ದೇನೆ, ಮೇಲೆ ಚೀಟಿ ಅಂಟಿಸಿದ್ದೇನೆ. ಎಲೆಕ್ಟ್ರಿಷಿಯನ್ ನಾಳೆ ಬೆಳಗ್ಗೆ ಎಂಟಕ್ಕೆ ಬರುತ್ತಾರೆ. ನೋಡಿ ಏನು ಹೇಳಿದರು ಅಂತ ಇಲ್ಲೇ ಬರೆಯುತ್ತೇನೆ.