ಕೆರೆ ಏರಿಯ ಕೆಳಗೆ ವಾಣಿಜ್ಯ ಕಟ್ಟಡ: ನೆಲಮಾಳಿಗೆಗೆ ನೀರು ಬಾರದಂತೆ ಮಾಡುವುದು ಹೇಗೆ?

ಪ್ರಶ್ನೆ: ನಿವೇಶನದ ಮಾಲೀಕ, ಕೋಲಾರ

ಎಲ್ಲರಿಗೂ ನಮಸ್ಕಾರ. ನರಸಾಪುರದ ಕಡೆ ಒಂದು ಕೆರೆ ಏರಿಯಿಂದ ಸುಮಾರು 200 ಅಡಿ ಕೆಳಗೆ, ಹಿಂದೆ ಅದರ ಅಚ್ಚುಕಟ್ಟು ಪ್ರದೇಶವಾಗಿದ್ದ ನಮ್ಮ ಜಮೀನಿನಲ್ಲಿ ಅಂಗಡಿ ಮತ್ತು ಕಚೇರಿಗಳಿಗಾಗಿ ನಾಲ್ಕು ಅಂತಸ್ತಿನ ಕಟ್ಟಡ ಕಟ್ಟಿಸುತ್ತಿದ್ದೇವೆ. ವಾಹನ ನಿಲ್ಲಿಸಲು 60×40 ಅಡಿಯ ನೆಲಮಾಳಿಗೆ ಇದೆ. ನಮ್ಮ ತಂದೆಯವರ ಕಾಲಕ್ಕೆ ಆ ಕೆರೆಯಲ್ಲಿ ನೀರು ನಿಂತದ್ದೇ ಅಪರೂಪವಾಗಿದ್ದು, ಕೊಳವೆಬಾವಿ ಸಾವಿರ ಅಡಿ ಇಳಿದರೂ ದೂಳೇ ಬರುತ್ತಿದ್ದುದರಿಂದ, ಪಾಯ ಅಗೆಯುವಾಗ ನೀರಿನ ಚಿಂತೆಯನ್ನು ಯಾರೂ ಮಾಡಿರಲಿಲ್ಲ. ಈಗ ಹತ್ತನೇ ಅಡಿಯಲ್ಲೇ ಏರಿಯ ಕಡೆಯಿಂದ ಊಟೆ ಒಡೆದಿದೆ. ಪಂಪು ಓಡಿಸಿ ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಮೊಣಕಾಲುದ್ದ ನೀರು ಇರುತ್ತದೆ. ಕಾಂಕ್ರೀಟಿಗೆ ವಾಟರ್‌ಪ್ರೂಫಿಂಗ್ ದ್ರಾವಣ ಬೆರೆಸಿ, ಒಳಗೋಡೆಗೆ ಲೇಪ ಕೊಟ್ಟರೆ ಸಾಕು ಎಂದು ಗುತ್ತಿಗೆದಾರರು ಹೇಳುತ್ತಾರೆ. ಅದು ಸಾಕೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಸ್ಟ್ರಕ್ಚರಲ್ ಎಂಜಿನಿಯರ್

ಸರ್, ಸಾಲದು. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಹರಿದ ಮೇಲೆ ಜಿಲ್ಲೆಯ ಕೆರೆಗಳು ಒಂದಾದ ಮೇಲೊಂದು ತುಂಬಿ, ಸುತ್ತಲಿನ ಅಂತರ್ಜಲವೂ ಮೇಲೇರಿದೆ. ನಮ್ಮಲ್ಲಿ ಕೆಂಪು ಮಣ್ಣಿನ ಕೆಳಗೆ ಕೊಳೆತ ಕಲ್ಲಿನ ಪದರವಿದ್ದು, ಏರಿಯಡಿ ಇಳಿದ ನೀರು ಅದರಲ್ಲೇ ಅಡ್ಡಲಾಗಿ ಹರಿದು ನಿಮ್ಮ ಗುಂಡಿಗೆ ಬರುತ್ತದೆ. ಹಾಗಾಗಿ ತಂದೆಯವರ ಕಾಲದ ನೀರಿನ ಮಟ್ಟವನ್ನು ಲೆಕ್ಕಕ್ಕೆ ಹಿಡಿಯದೆ, ಕೆರೆ ಕೋಡಿ ಬಿದ್ದ ದಿನದ ನೀರಿನ ಮಟ್ಟವನ್ನು ಹಿಡಿದು ವಿನ್ಯಾಸ ಮಾಡಿಸಿ.

ಸೋರಿಕೆಗಿಂತ ಮೊದಲು ಯೋಚಿಸಬೇಕಾದದ್ದು ನೀರಿನ ಮೇಲೊತ್ತಡ. ಒಂದು ಮೀಟರ್ ಎತ್ತರದ ನೀರು ಪ್ರತಿ ಚದರ ಮೀಟರಿಗೆ ಒಂದು ಟನ್ ಬಲದಿಂದ ತಳವನ್ನು ಮೇಲಕ್ಕೆ ದೂಡುತ್ತದೆ. ನೀರು ನಿಮ್ಮ ರಾಫ್ಟಿನ (ಇಡೀ ಕಟ್ಟಡದ ಅಡಿಗೆ ಹಾಕುವ ಕಾಂಕ್ರೀಟ್ ಹಾಸಿನ) ತಳಕ್ಕಿಂತ 3 ಮೀಟರ್ ಮೇಲಿದ್ದರೆ, 60×40 ಅಡಿಯ, ಅಂದರೆ ಸುಮಾರು 223 ಚದರ ಮೀಟರಿನ ತಳದ ಮೇಲೆ ಹತ್ತಿರ ಹತ್ತಿರ 670 ಟನ್ ಒತ್ತಡ ಬೀಳುತ್ತದೆ. ಅರ್ಧ ಮೀಟರ್ ದಪ್ಪದ ರಾಫ್ಟ್ ಚದರ ಮೀಟರಿಗೆ 1.25 ಟನ್ ತೂಗುತ್ತದೆ. ಗೋಡೆಗಳನ್ನೂ ನೆಲಮಾಳಿಗೆಯ ಮೇಲಿನ ಸ್ಲ್ಯಾಬನ್ನೂ ಸೇರಿಸಿದರೆ ಎರಡೂಕಾಲು ಟನ್ನಿನ ಆಸುಪಾಸು ಆದೀತು, ಮೇಲೊತ್ತಡವೋ ಚದರ ಮೀಟರಿಗೆ ಮೂರು ಟನ್. ಅಂದರೆ ಅಷ್ಟರ ಮಟ್ಟಿಗೆ ಕಟ್ಟಿ, ಮಳೆಗಾಲದಲ್ಲಿ ಪಂಪು ನಿಲ್ಲಿಸಿದರೆ, ಖಾಲಿ ನೆಲಮಾಳಿಗೆ ದೋಣಿಯಂತೆ ಮೇಲೇಳಬಹುದು. ಏಳದಿದ್ದರೂ ರಾಫ್ಟ್ ಉಬ್ಬಿ ಬಿರುಕು ಬಿಡಬಹುದು. ಮೇಲಿನ ಎರಡು ಮೂರು ಸ್ಲ್ಯಾಬುಗಳನ್ನು ಹಾಕಿ, ಕಟ್ಟಡದ ಸ್ವಂತ ತೂಕ ಮೇಲೊತ್ತಡಕ್ಕಿಂತ ಕನಿಷ್ಠ 1.2 ಪಟ್ಟು ಆಗುವವರೆಗೆ ಪಂಪು ಓಡುತ್ತಲೇ ಇರಬೇಕು. ಅದರ ಜೊತೆಗೆ ಜನರೇಟರನ್ನೂ ಮತ್ತೊಂದು ಪಂಪನ್ನೂ ಇಟ್ಟಿರಬೇಕು. ರಾಫ್ಟನ್ನು ಗೋಡೆಯಿಂದ ಎರಡು ಅಡಿ ಹೊರಕ್ಕೆ ಚಾಚಿದರೆ ಅದರ ಮೇಲೆ ಕೂರುವ ಮಣ್ಣಿನ ತೂಕವೂ ನೆರವಿಗೆ ಬರುತ್ತದೆ. ಲೆಕ್ಕವನ್ನು ನಿಮ್ಮ ವಿನ್ಯಾಸಕಾರರಿಂದ ಬರಹದಲ್ಲಿ ಪಡೆಯಿರಿ.

ಕಾಂಕ್ರೀಟಿನ ವಿಷಯದಲ್ಲಿ, ನೀರು ಏರಿಳಿಯುವ ಜಾಗವಾದ್ದರಿಂದ ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐಎಸ್ 456ರ ಪ್ರಕಾರ ಇದನ್ನು ತೀವ್ರ ಪರಿಸರವೆಂದು ಭಾವಿಸಿ, ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟು, ನೀರು-ಸಿಮೆಂಟಿನ ಪ್ರಮಾಣ 0.45ಕ್ಕೆ ಮೀರದಂತೆ, ಘನ ಮೀಟರಿಗೆ ಕನಿಷ್ಠ 320 ಕೆ.ಜಿ. ಸಿಮೆಂಟು ಎಂದು ನಿಗದಿಪಡಿಸಿ. ಊಟೆಯ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಸಲ್ಫೇಟ್, ಕ್ಲೋರೈಡ್ ಪರೀಕ್ಷೆ ಮಾಡಿಸಿದ ಮೇಲೆಯೇ ಯಾವ ಸಿಮೆಂಟು ಎಂದು ತೀರ್ಮಾನಿಸಿ.

ಉತ್ತರ 2: ವಾಟರ್‌ಪ್ರೂಫಿಂಗ್ ಕೆಲಸ ಮಾಡಿಸುವವರು, ತುಮಕೂರು

ಮೇಲಿನವರು ಹೇಳಿದ ಲೆಕ್ಕ ಸರಿಯಾಗಿದೆ. ನನ್ನ ಅನುಭವದಲ್ಲಿ ಕಾಂಕ್ರೀಟಿನ ಮೈಯಿಂದ ನೀರು ಬರುವುದು ಕಡಿಮೆ, ಬರುವುದು ಜೋಡಣೆಗಳಿಂದ. ರಾಫ್ಟ್ ಮತ್ತು ಗೋಡೆ ಕೂಡುವ ಜಾಗದಲ್ಲಿ ಒಂಬತ್ತು ಇಂಚಿನ ಪಿವಿಸಿ ವಾಟರ್‌ಸ್ಟಾಪ್ (ನೀರು ತಡೆಯುವ ಪಟ್ಟಿ) ಇಡಿಸಿ, ಅರ್ಧ ರಾಫ್ಟಿನೊಳಗೆ, ಅರ್ಧ ಗೋಡೆಯೊಳಗೆ ನೆಟ್ಟಗೆ ನಿಲ್ಲುವಂತೆ ಕಬ್ಬಿಣಕ್ಕೆ ತಂತಿಯಿಂದ ಕಟ್ಟಿಸಿ. ಕಟ್ಟದೆ ಬಿಟ್ಟರೆ ಕಾಂಕ್ರೀಟ್ ಸುರಿಯುವಾಗ ಅದು ಮಡಚಿಕೊಳ್ಳುತ್ತದೆ, ಒಳಗೆ ಮಡಚಿದ್ದು ಹೊರಗಿನವರಿಗೆ ಕಾಣುವುದಿಲ್ಲ. ನೀರು ತಾಗಿದರೆ ಉಬ್ಬುವ ಬೆಂಟೊನೈಟ್ ಪಟ್ಟಿಯನ್ನು ಬಳಸುವುದಾದರೆ, ಗುಂಡಿಯಲ್ಲಿ ಊಟೆ ಇರುವಾಗ ಹಿಂದಿನ ದಿನವೇ ಅಂಟಿಸಬೇಡಿ. ಕಾಂಕ್ರೀಟಿಗೆ ಮೊದಲೇ ಉಬ್ಬಿದ ಪಟ್ಟಿ ಆಮೇಲೆ ಕೆಲಸಕ್ಕೆ ಬರುವುದಿಲ್ಲ. ಸೆಂಟ್ರಿಂಗ್ ಹಲಗೆ ಬಿಗಿಯಲು ಗೋಡೆಯ ಅಡ್ಡಕ್ಕೆ ಪೈಪ್ ತೂರಿಸಿ ಬೋಲ್ಟ್ ಹಾಕುವ ಪದ್ಧತಿಯನ್ನೂ ಕೆರೆ ಕಡೆಯ ಗೋಡೆಗಳಲ್ಲಿ ಕೈಬಿಡಿ, ಏಕೆಂದರೆ ಹಾಗೆ ಬಿಟ್ಟ ಪ್ರತಿ ತೂತೂ ಮುಂದೆ ಒಂದು ಒರತೆಯಾಗುತ್ತದೆ.

ತಡೆ ಇರಬೇಕಾದದ್ದು ನೀರು ಬರುವ ಕಡೆ. ಪಿಸಿಸಿಯ (ರಾಫ್ಟಿನಡಿಗೆ ಹಾಕುವ, ಕಬ್ಬಿಣವಿಲ್ಲದ ಕಾಂಕ್ರೀಟಿನ) ಮೇಲೆ 4 ಮಿ.ಮೀ. ದಪ್ಪದ ಎಪಿಪಿ ಮೆಂಬ್ರೇನ್ (ನೀರು ತಡೆಯುವ ಡಾಂಬರು ಹಾಳೆ) ಹಾಸಿ, ಅದರ ಮೇಲೆ ತೆಳುವಾದ ಗಾರೆ ಕೊಟ್ಟು, ಅಂಚನ್ನು ಗೋಡೆಯ ಹೊರಮೈಗೆ ಹತ್ತಿಸಿ ನೆಲಮಟ್ಟದ ತನಕ ಒಯ್ಯಬೇಕು. ಒದ್ದೆ ಪಿಸಿಸಿಗೆ ಅದು ಹಿಡಿಯುವುದಿಲ್ಲವಾದ್ದರಿಂದ, ಅಂಚಿನುದ್ದಕ್ಕೂ ಕಾಲುವೆ ತೆಗೆದು ನೀರನ್ನು ಒಂದು ಸಂಪಿಗೆ ಇಳಿಸಿ, ಅಲ್ಲಿಂದ ಪಂಪು ಮಾಡಬೇಕಾಗುತ್ತದೆ. ಮಣ್ಣು ತುಂಬುವ ಮೊದಲು ಮೆಂಬ್ರೇನಿಗೆ ರಕ್ಷಣಾ ಹಲಗೆ ಒರಗಿಸಿ. ಜೆಸಿಬಿಯಿಂದ ಕಲ್ಲು ಸುರಿದರೆ ಅಷ್ಟೂ ಕೆಲಸ ಹರಿದುಹೋಗುತ್ತದೆ. ಕಾಂಕ್ರೀಟಿಗೆ ಬೆರೆಸುವ ಕ್ರಿಸ್ಟಲೈನ್ ಪುಡಿ ಕೂದಲೆಳೆಯಷ್ಟು ಬಿರುಕನ್ನು ತುಂಬಬಲ್ಲುದು, ಆದರೆ ಬಿಟ್ಟುಕೊಂಡ ಜೋಡಣೆಯನ್ನಲ್ಲ. ತಾರಸಿ, ಶೌಚಾಲಯಗಳಿಗೆ ಇಷ್ಟು ಕಷ್ಟವಿಲ್ಲ: ಇಳಿಜಾರು ಸರಿಯಿಟ್ಟು, ಎರಡು ಮೂರು ದಿನ ನೀರು ನಿಲ್ಲಿಸಿ ನೋಡಿ.

ಉತ್ತರ 3: ಕಟ್ಟಡದ ಮಾಲೀಕರು, ಚಿಕ್ಕಬಳ್ಳಾಪುರ

ನಮ್ಮದೂ ಕೆರೆಯ ಬಳಿಯ ಕಟ್ಟಡವೇ. ಒಳಗಿನಿಂದ ಲೇಪ ಕೊಡುವ ಮಾತನ್ನು ನಾವು ನಂಬಿದ್ದೆವು. 2021ರ ನವೆಂಬರ್ ಮಳೆಯಲ್ಲಿ ಕೆರೆಗಳು ಕೋಡಿ ಬಿದ್ದಾಗ ಲೇಪ ಗುಳ್ಳೆಯಾಗಿ ಎದ್ದು ಹಾಳೆ ಹಾಳೆಯಾಗಿ ಬಿತ್ತು, ಗೋಡೆಯ ತುಂಬ ಬಿಳಿ ಉಪ್ಪು ಹೂ ಬಿಟ್ಟಿತು. ಆಮೇಲೆ ಗೋಡೆಗೆ ತೂತು ಕೊರೆಸಿ ಪಿಯು ಗ್ರೌಟ್ (ಬಿರುಕು ಮುಚ್ಚುವ ಪಾಲಿಯುರೆಥೇನ್ ದ್ರಾವಣ) ತುಂಬಿಸಿದೆವು. ಒಂದು ಕಡೆ ನಿಂತರೆ ನಾಲ್ಕು ಅಡಿ ಆಚೆ ಒಸರುತ್ತಿತ್ತು. ಬಾಡಿಗೆಗಿದ್ದ ಅಂಗಡಿಯವರ ಸರಕು ನೆನೆದದ್ದನ್ನು ನೆನೆಸಿಕೊಂಡರೆ ಇಂದಿಗೂ ಸಂಕಟವಾಗುತ್ತದೆ. ತಾವಿನ್ನೂ ರಾಫ್ಟ್ ಹಾಕಿಲ್ಲವಾದ್ದರಿಂದ ಒಂದು ಮಾತು ಕೇಳುತ್ತೇನೆ: ನೆಲಮಾಳಿಗೆ ಬೇಕೇ ಬೇಕೇ? ನೆಲಮಟ್ಟದಲ್ಲೇ ಕಂಬಗಳ ನಡುವೆ ವಾಹನ ನಿಲ್ಲಿಸಿ, ಅಂಗಡಿಗಳನ್ನು ಮೇಲಿನಿಂದ ಶುರು ಮಾಡಿದರೆ ಈ ಖರ್ಚಿನ ದೊಡ್ಡ ಪಾಲು ಉಳಿಯುತ್ತದೆ. ಕೆರೆಯಿಂದ ಬಿಡಬೇಕಾದ ಅಂತರದ ಬಗ್ಗೆ ಯೋಜನಾ ಪ್ರಾಧಿಕಾರದ ಅನುಮತಿ ಪತ್ರವನ್ನೂ ಮತ್ತೊಮ್ಮೆ ನೋಡಿಕೊಳ್ಳಿ.

ಮತ್ತೆ ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮನೆಯಲ್ಲಿ ಕೂತು ಮಾತಾಡಿ, ನೆಲಮಾಳಿಗೆಯ ಆಳವನ್ನು ಕಡಿಮೆ ಮಾಡಲು ಅಥವಾ ಬಿಟ್ಟೇಬಿಡಲು ಒಪ್ಪಿದ್ದೇವೆ. ಗುತ್ತಿಗೆದಾರರಿಗೆ ಮುಂದಿನ ಕೆಲಸ ನಿಲ್ಲಿಸಲು ಹೇಳಿದೆ. ನೀರಿನ ಮಟ್ಟವನ್ನು ನಾವೇ ಅಳೆಯುವುದು ಹೇಗೆ?

ಉತ್ತರ 1ರವರು

ಗುಂಡಿಯಿಂದ ದೂರದಲ್ಲಿ, ನಿವೇಶನದ ಎರಡು ಮೂಲೆಗಳಲ್ಲಿ 20 ಅಡಿ ಆಳಕ್ಕೆ ತೂತಿರುವ ಪಿವಿಸಿ ಪೈಪ್ ಇಳಿಸಿ, ಸುತ್ತ ಜಲ್ಲಿ ತುಂಬಿ, ವಾರಕ್ಕೊಮ್ಮೆ ಟೇಪಿನಿಂದ ಅಳೆದು ದಿನಾಂಕದ ಸಮೇತ ಬರೆದಿಡಿ. ಪಕ್ಕದಲ್ಲೇ ಕೆರೆಯ ಮಟ್ಟವನ್ನೂ ಬರೆಯಿರಿ. ಪಂಪು ಓಡುವಾಗ ಪೈಪಿನಲ್ಲೂ ನೀರು ಇಳಿದಿರುತ್ತದೆಯಾದ್ದರಿಂದ, ಪಂಪು ನಿಲ್ಲಿಸಿ ಒಂದೆರಡು ದಿನ ಕಳೆದ ಮೇಲಿನ ಅಳತೆಯನ್ನೇ ವಿನ್ಯಾಸಕಾರರಿಗೆ ಕೊಡಿ. ರಾಫ್ಟ್ ಇನ್ನೂ ಹಾಕಿಲ್ಲದಿರುವುದರಿಂದ ಈಗ ಹಾಗೆ ನಿಲ್ಲಿಸಿದರೆ ಮೇಲೊತ್ತಡದ ಅಪಾಯವಿಲ್ಲ, ಆದರೆ ಗುಂಡಿಯ ಬದಿಯ ಮಣ್ಣು ಕುಸಿಯಬಹುದು. ಆ ದಿನಗಳಲ್ಲಿ ಯಾರನ್ನೂ ಕೆಳಗೆ ಇಳಿಸಬೇಡಿ.