ನಾಟಕದ ಮೇಷ್ಟ್ರಿಗೆ ಹೆಣ್ಣು ಕೊಡ್ತಾರಾ?

ಕ್ಯಾತ್ಸಂದ್ರದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಬರುವಷ್ಟರಲ್ಲಿ ಸೀನ ಸುದ್ದಿ ಒಡೆದ. ಅವನ ತಂಗಿಯ ಮಗ ಇಂಜಿನಿಯರಿಂಗ್ ಬಿಟ್ಟು ನಾಟಕದ ಮೇಷ್ಟ್ರಾಗುತ್ತಾನಂತೆ.

"ಮೇಷ್ಟ್ರಾಗಲಿ, ನಾಟಕ ಯಾಕೆ?" ಅಂದ ಮೂರ್ತಿ. "ಅಂಥವನಿಗೆ ಹೆಣ್ಣು ಯಾರು ಕೊಡ್ತಾರೆ?"

"ನಾಟಕದ ದೊಡ್ಡ ನಿರ್ದೇಶಕರು ಬಿ.ವಿ. ಕಾರಂತರಿಗೆ ಮದುವೆ ಆಗಲಿಲ್ವಾ?" ಅಂದೆ. "ಅವರ ಹೆಂಡತಿ ಪ್ರೇಮಾ ಕಾರಂತರೂ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಅದೇ ಎನ್‌ಎಸ್‌ಡಿಯಲ್ಲಿ ನಾಟಕ ಕಲಿತವರೇ."

"ಹಾಗಾದರೆ ಒಂದೇ ಮನೆಗೆ ಎರಡು ನಷ್ಟ!"

ಇವನಿಗೆ ಏನು ಹೇಳೋಣ? ಕಾರಂತರು ಹುಟ್ಟಿದ್ದು 1929ರಲ್ಲಿ, ಬಂಟ್ವಾಳದ ಕಡೆಯ ಮಂಚಿಯಲ್ಲಿ. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿದರು.

"ಓಡಿ ಸೇರಿದ್ದು ಎಲ್ಲಿಗೆ? ನಮ್ಮ ಪಕ್ಕದೂರು ಗುಬ್ಬಿಯ ನಾಟಕ ಕಂಪನಿಗೆ!" ಸೀನ ಎದೆ ಉಬ್ಬಿಸಿದ.

"ಕಂಪನಿ ಊರೂರು ಸುತ್ತುತ್ತಿತ್ತಲ್ಲೋ."

"ಸುತ್ತಲಿ ಬಿಡು. ಬೋರ್ಡಿನ ಮೇಲೆ ಇದ್ದ ಹೆಸರು ಯಾವ ಊರಿನದು?"

ಆ ಹುಡುಗನ ಓದಿನ ಆಸೆ ನೋಡಿ ಗುಬ್ಬಿ ವೀರಣ್ಣನವರೇ ಅವನನ್ನು ಕಾಶಿಗೆ ಕಳಿಸಿದರು. ಅಲ್ಲಿ ಅವನು ಹಿಂದಿ ಎಂ.ಎ. ಮಾಡಿದ.

"ಮಾಲೀಕ ದುಡ್ಡು ಕೊಟ್ಟು ಓದೋಕೆ ಕಳಿಸಿದನಾ?" ಮೂರ್ತಿ ಕೈಯಲ್ಲಿದ್ದ ಇಡ್ಲಿ ಕೆಳಗಿಟ್ಟ. "ನಮ್ಮವನು ಅತ್ತೆ ಸತ್ತರೂ ಅರ್ಧ ದಿನ ರಜೆ ಕೊಡಲ್ಲ."

ಆಮೇಲೆ ಎನ್‌ಎಸ್‌ಡಿ. ಅದು ಮುಗಿಸಿ ದೆಹಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸಿದರು. 1977ರಲ್ಲಿ ತಾವು ಓದಿದ ಎನ್‌ಎಸ್‌ಡಿಗೇ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಅನ್ನುವ ನಾಟಕ ಸಂಸ್ಥೆ ಕಟ್ಟಿದರು.

"ಅದು ದೊಡ್ಡವರ ಮಾತು," ಅಂದ ಮೂರ್ತಿ. "ನಮ್ಮ ಹುಡುಗ ಯಾವುದೋ ಶಾಲೇಲಿ ಮಕ್ಕಳನ್ನು ಮರ ಮಾಡಿ ನಿಲ್ಲಿಸ್ತಾನೆ, ಅಷ್ಟೇ."

ಇದು ನನಗೆ ಚುಚ್ಚಿತು. ಮಿಡ್ಲ್ ಸ್ಕೂಲಿನಲ್ಲಿ ನಾನೇ ಆ ಮರ. ತಾಲೀಮಿನಲ್ಲಿ ರಾಜನಿಗೆ ಮಾತು ಮರೆತುಹೋಯಿತು. ತಡೆಯಲಾರದೆ ಮರವೇ ಹೇಳಿಕೊಟ್ಟಿತು, ಅದೂ ಜೋರಾಗಿ. ಎಲ್ಲರೂ ನಕ್ಕರು. ಬೆತ್ತ ಬೀಳುತ್ತೆ ಅಂತ ರೆಂಬೆ ಹಿಡಿದು ನಡುಗುತ್ತಿದ್ದೆ. ಮೇಷ್ಟ್ರು ಏನೂ ಅನ್ನಲಿಲ್ಲ. ಮಾರನೇ ದಿನ ಮರಕ್ಕೂ ಎರಡು ಮಾತು ಬರೆದು ತಂದರು. ಅಲ್ಲಿಯವರೆಗೆ ಕ್ಲಾಸಿನಲ್ಲಿ ಹಾಜರಿ ಕೂಗಿದರೂ ಬಾಯಿ ಬಿಡದವನು ನಾನು.

"ಅವತ್ತು ಬಿಟ್ಟ ಬಾಯಿ ಇನ್ನೂ ಮುಚ್ಚಿಲ್ಲ," ಅಂದ ಮೂರ್ತಿ. "ಆ ಮೇಷ್ಟ್ರನ್ನ ನಾನು ಒಂದು ಸಲ ನೋಡಬೇಕು ಕಣೋ."

ಸೀನ ಮಾತು ತಿರುಗಿಸಿದ. ಕಾರಂತರು ಕೈಗೆ ಸಿಕ್ಕಿದ್ದರಲ್ಲೆಲ್ಲ ಸಂಗೀತ ಹುಡುಕುತ್ತಿದ್ದರಂತೆ, ಹೌದಾ? ಹೌದು ಅನ್ನುವಷ್ಟರಲ್ಲಿ ಲೋಟ ತಗೊಂಡು ತಟ್ಟೆಗೆ ಟಣ್ ಟಣ್ ಬಡಿಯತೊಡಗಿದ. ಮೂರ್ತಿ ಚಮಚದಲ್ಲಿ ತಾಳ ಸೇರಿಸಿದ. ನಾನು ಟೇಬಲ್ ಹಿಡಿದೆ. ಸುಮ್ನೆ ಹೇಳುತ್ತಿಲ್ಲ, ಚೆನ್ನಾಗೇ ಕೂಡಿಬಂದಿತ್ತು.

ಸಪ್ಲೈಯರ್ ಬಕೆಟ್ ಹಿಡಿದು ಓಡಿ ಬಂದ.

"ಬಂದೆ ಸಾರ್, ಬಂದೆ! ಚಟ್ನಿಗೆ ಇಷ್ಟೊಂದು ಗಲಾಟೆನಾ?"